ಆಪ್ತ ಸಲಹೆಗಾರನೋ, ಸರ್ಕಾರದ ಲೆಕ್ಕಿಗನೋ?

ಬೆಂಗಳೂರು: 2025ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೂರನೇ ವಾರದವರೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗಳಲ್ಲಿ ಹಿಂದೆಂದೂ ಇರದ ದಿನಚರಿಯೊಂದು ಆರಂಭವಾಗಿತ್ತು. ಸಲಹೆಗಾರರು ಬೆಳಿಗ್ಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ, ಸರ್ಕಾರದ ಗಣಕ ದಾಖಲೆಯನ್ನು ತೆರೆದು ತಮ್ಮ ವಿದ್ಯಾರ್ಥಿಗಳ ಪೈಕಿ ಯಾರ ಹೆಸರಿನ ಮುಂದೆ ‘ಅಂತ್ಯಗೊಳಿಸಲಾಗಿದೆ’ ಎಂಬ ಷರಾ ಬಿದ್ದಿದೆ ಎಂದು ಹುಡುಕುವುದು. ಸಿಕ್ಕ ಹೆಸರನ್ನು ಬರೆದುಕೊಂಡು ಆ ವಿದ್ಯಾರ್ಥಿಗೆ ಫೋನ್ ಮಾಡುವುದು ಎರಡನೇ ಕೆಲಸ. ಅನೇಕ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲಿರುವ ತಮ್ಮ ಹಕ್ಕು ಕಡಿದುಹೋಗಿದೆ ಎಂಬ ಸುದ್ದಿ ತಲುಪಿದ್ದು ಸರ್ಕಾರದಿಂದಲ್ಲ, ಈ ಫೋನ್ ಕರೆಯಿಂದ.

ವಿಚಿತ್ರವೆಂದರೆ, ಆ ದಾಖಲೆಯಲ್ಲಿ ಷರಾ ಬರೆಯುವುದು ಸಾಮಾನ್ಯವಾಗಿ ಇದೇ ಸಲಹೆಗಾರರ ಕೆಲಸ. ಎರಡು ದಶಕಗಳಿಂದ ವಿದ್ಯಾರ್ಥಿ ತರಗತಿ ಬಿಟ್ಟರೆ, ಮನೆ ಬದಲಿಸಿದರೆ, ಪದವಿ ಮುಗಿಸಿದರೆ ಅದನ್ನು ಅಲ್ಲಿ ನಮೂದಿಸುತ್ತ ಬಂದವರು ಅವರೇ. ಆ ವಸಂತದಲ್ಲಿ ಮಾತ್ರ ಲೇಖನಿ ಬೇರೆಯವರ ಕೈಗೆ ಹೋಗಿತ್ತು. ತಮ್ಮದೇ ಖಾತೆಯ ಪುಸ್ತಕವನ್ನು ರಾತ್ರಿ ಯಾರೋ ತಿದ್ದಿಹೋಗಿದ್ದಾರೆಯೇ ಎಂದು ಬೆಳಿಗ್ಗೆ ನೋಡುವ ಗುಮಾಸ್ತರ ಸ್ಥಿತಿ ಅವರದಾಯಿತು. ಇನ್ನೂರಕ್ಕೂ ಹೆಚ್ಚು ಶಿಕ್ಷಣ ಸಂಸ್ಥೆಗಳಲ್ಲಿ ಇದು ನಡೆಯಿತು.

ಈ ಪ್ರಕರಣವನ್ನು ಟ್ರಂಪ್ ಆಡಳಿತದ ವಲಸೆ ನೀತಿಯ ಒಂದು ಅಧ್ಯಾಯವೆಂದು ಮಾತ್ರ ನೋಡಿದರೆ ಅದರ ಅರ್ಧ ಭಾಗವಷ್ಟೇ ಕಾಣುತ್ತದೆ. ಇನ್ನರ್ಧ ಇರುವುದು ಆ ಸಲಹೆಗಾರರ ಮೇಜಿನ ಮೇಲೆ. ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಸಂಸ್ಥೆಯ ‘ಓಪನ್ ಡೋರ್ಸ್’ ವರದಿಯ ಪ್ರಕಾರ 2024-25ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ 11,77,766 ವಿದೇಶಿ ವಿದ್ಯಾರ್ಥಿಗಳ ಪೈಕಿ 3,63,019 ಮಂದಿ ಭಾರತೀಯರು. ಅದರ ಹಿಂದಿನ ವರ್ಷವೇ ಭಾರತ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತ್ತು. ಇಷ್ಟು ಮಂದಿಯ ಭವಿಷ್ಯ ಯಾರ ಕೈಬರಹದ ಮೇಲೆ ನಿಂತಿದೆಯೋ ಆ ವ್ಯಕ್ತಿಯ ಪರಿಚಯ, ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಮನೆಗಳಿಗೆ ಇಲ್ಲವೇ ಇಲ್ಲ ಎನ್ನಬಹುದು.

ಆತಿಥ್ಯದಿಂದ ದಾಖಲೆಯವರೆಗೆ

ಈ ಹುದ್ದೆ ಹುಟ್ಟಿದ್ದು ಕಾನೂನಿನಿಂದಲ್ಲ, ಒಂಟಿತನದ ಅರಿವಿನಿಂದ. 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬಾತ ಚೀನೀ ವಿದ್ಯಾರ್ಥಿಯೊಬ್ಬನಿಗೆ ‘ಶುಭೋದಯ’ ಎಂದನಂತೆ. ತಾನು ಈ ನಗರಕ್ಕೆ ಬಂದು ಮೂರು ವಾರವಾಯಿತು, ತನ್ನನ್ನು ಮಾತನಾಡಿಸಿದ ಮೊದಲಿಗರು ನೀವೇ ಎಂದು ವಿದ್ಯಾರ್ಥಿ ಉತ್ತರಿಸಿದನಂತೆ. ಆ ಮಾತು ಎಡ್ಮಂಡ್ಸ್‌ನನ್ನು ಬಿಡದೆ ಕಾಡಿ, ಮುಂದೆ 1924ರಲ್ಲಿ ನ್ಯೂಯಾರ್ಕಿನ ‘ಇಂಟರ್‌ನ್ಯಾಷನಲ್ ಹೌಸ್’ ತಲೆಯೆತ್ತಲು ಕಾರಣವಾಯಿತು. 1948ರಲ್ಲಿ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರೆಲ್ಲ ಸೇರಿ ‘ನಾಫ್ಸಾ’ ಎಂಬ ಸಂಘ ಕಟ್ಟಿಕೊಂಡರು. ರೈಲು ನಿಲ್ದಾಣಕ್ಕೆ ಹೋಗಿ ಕರೆತರುವುದು, ಬಾಡಿಗೆ ಕೋಣೆ ಹುಡುಕಿಕೊಡುವುದು, ಪ್ರಾಧ್ಯಾಪಕರೊಡನೆ ಮಾತು ಬಾರದವನ ಪರವಾಗಿ ಮಾತನಾಡುವುದು ಆಗಿನ ಸಲಹೆಗಾರನ ಕಾಯಕವಾಗಿತ್ತು.

ಬದಲಾವಣೆಗೆ ಮೊದಲ ಕಾರಣ 1993ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಮೇಲೆ ನಡೆದ ಬಾಂಬ್ ದಾಳಿ. ಸ್ಫೋಟಕ ತುಂಬಿದ್ದ ವಾಹನ ಓಡಿಸಿದಾತ ವಿದ್ಯಾರ್ಥಿ ವೀಸಾದ ಮೇಲೆ ದೇಶ ಪ್ರವೇಶಿಸಿದ್ದ. ಅದರ ಫಲವಾಗಿ 1996ರ ವಲಸೆ ಕಾಯ್ದೆ, ವಿದೇಶಿ ವಿದ್ಯಾರ್ಥಿಗಳ ಮಾಹಿತಿಯನ್ನು ವಿಶ್ವವಿದ್ಯಾಲಯಗಳಿಂದ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಬೇಕೆಂದು ವಿಧಿಸಿತು. ಸಲಹೆಗಾರರ ಸಂಘ ಇದನ್ನು ವಿರೋಧಿಸಿತು. ತಾವು ವಿದ್ಯಾರ್ಥಿಗಳಿಗೆ ನೆರವಾಗಲು ಇರುವವರೇ ಹೊರತು ಅವರ ಬೆನ್ನು ಹತ್ತಲು ಅಲ್ಲ ಎಂಬುದು ವಿರೋಧದ ಹಿಂದಿನ ಭಾವನೆ. 2001ರ ಸೆಪ್ಟೆಂಬರ್ 11ರ ನಂತರ ಆ ವಿರೋಧಕ್ಕೆ ಜಾಗ ಉಳಿಯಲಿಲ್ಲ. ದಾಳಿ ನಡೆದು ಸರಿಯಾಗಿ ಆರು ತಿಂಗಳಾದ ಮೇಲೆ, 2002ರ ಮಾರ್ಚ್‌ನಲ್ಲಿ, ಅಪಹರಣಕಾರರಾದ ಮೊಹಮ್ಮದ್ ಅಟ್ಟಾ ಹಾಗೂ ಮರ್ವಾನ್ ಅಲ್-ಶೆಹ್ಹಿ ಅವರ ವಿದ್ಯಾರ್ಥಿ ವೀಸಾ ಮಂಜೂರಾಗಿದೆ ಎಂಬ ಪತ್ರಗಳು ಫ್ಲಾರಿಡಾದ ವಿಮಾನ ತರಬೇತಿ ಶಾಲೆಗೆ ಬಂದು ಬಿದ್ದವು. ಸತ್ತ ಹಂತಕರಿಗೆ ವೀಸಾ ಮಂಜೂರು ಮಾಡಿದ ಇಲಾಖೆಯ ಮಾನ ಬೀದಿಪಾಲಾಯಿತು.

2003ರ ಜನವರಿಯಲ್ಲಿ ‘ಸೆವಿಸ್’ ಎಂಬ ಗಣಕ ವ್ಯವಸ್ಥೆ ಜಾರಿಗೆ ಬಂತು. ಅದೇ ವರ್ಷದ ಆಗಸ್ಟ್ ವೇಳೆಗೆ ಎಲ್ಲ ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಅದರಲ್ಲಿರುವುದು ಕಡ್ಡಾಯವಾಯಿತು. ಪ್ರತಿ ವಿದ್ಯಾಸಂಸ್ಥೆಯೂ ಸರ್ಕಾರದ ಒಪ್ಪಿಗೆ ಪಡೆದ ಅಧಿಕಾರಿಗಳನ್ನು ನೇಮಿಸಬೇಕು. ಅವರು ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಲೇಬೇಕು. ಇವರೇ ‘ಡಿಎಸ್ಒ’ಗಳು. ಸಂಬಳ ಕೊಡುವುದು ವಿಶ್ವವಿದ್ಯಾಲಯ, ಲೆಕ್ಕ ಕೇಳುವುದು ಆಂತರಿಕ ಭದ್ರತಾ ಇಲಾಖೆ, ಅದರಲ್ಲೂ ಗಡೀಪಾರಿನ ಹೊಣೆ ಹೊತ್ತ ‘ಐಸ್’ ವಿಭಾಗ. ವಿದ್ಯಾರ್ಥಿಯ ಕಣ್ಣಿಗೆ ಮಾತ್ರ ಇವರು ಇಂದಿಗೂ ನಗುಮೊಗದಿಂದ ಸ್ವಾಗತ ಕೋರಿ, ಚಳಿಗಾಲದ ಕೋಟು ಎಲ್ಲಿ ಸಿಗುತ್ತದೆಂದು ಹೇಳಿಕೊಡುವ ಸಲಹೆಗಾರರು.

ಅಪ್ಪನಿಗೆ ಹೇಳುವಂತಿಲ್ಲ, ಸರ್ಕಾರಕ್ಕೆ ಹೇಳದಿರುವಂತಿಲ್ಲ

ಎರಡು ದೋಣಿಯಲ್ಲಿ ಕಾಲಿಟ್ಟ ಈ ಸ್ಥಿತಿಯ ಪರಿಣಾಮ ನಮ್ಮ ಮನೆಗಳಿಗೆ ತಟ್ಟುವುದು ಹೇಗೆ ಎಂಬುದಕ್ಕೆ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು.

ಹುಬ್ಬಳ್ಳಿಯಿಂದ ಸ್ನಾತಕೋತ್ತರ ಪದವಿಗೆಂದು ಹೋದ ವಿದ್ಯಾರ್ಥಿಯೊಬ್ಬ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ತೆಗೆದುಕೊಂಡಿದ್ದಾನೆ ಎನ್ನೋಣ. ಅವನ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಒಂಬತ್ತು ಕ್ರೆಡಿಟ್ ಬೇಕು. ನವೆಂಬರ್ ತಿಂಗಳು, ಸಂಜೆ ಐದಕ್ಕೇ ಕತ್ತಲು, ಕೋಣೆಯಲ್ಲಿ ಒಬ್ಬನೇ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಧ್ಯಂತರ ಪರೀಕ್ಷೆಯಲ್ಲಿ ಅಂಕ ಬಂದಿಲ್ಲ. ಒಂದು ರಾತ್ರಿ ವಿಶ್ವವಿದ್ಯಾಲಯದ ಜಾಲತಾಣ ತೆರೆದು ಒಂದು ವಿಷಯವನ್ನು ಕೈಬಿಡುತ್ತಾನೆ. ಗಣಕಯಂತ್ರ ಅದಕ್ಕೆ ತಡೆಯೊಡ್ಡುವುದಿಲ್ಲ; ಅದಕ್ಕೆ ಅವನು ಇನ್ನೂರು ವಿದ್ಯಾರ್ಥಿಗಳಲ್ಲಿ ಒಬ್ಬ ಅಷ್ಟೆ. ಅಲ್ಲಿಯ ಸ್ಥಳೀಯ ವಿದ್ಯಾರ್ಥಿ ಹೀಗೆ ಮಾಡಿದರೆ ಕೆಲವು ನೂರು ಡಾಲರ್ ನಷ್ಟವಾದೀತು. ಇವನಿಗಾದರೋ ಎಫ್-1 ವಿದ್ಯಾರ್ಥಿಯ ಸ್ಥಾನಮಾನವೇ ಹೋಗುತ್ತದೆ. ಕ್ರೆಡಿಟ್ ಕಡಿಮೆಯಾದುದನ್ನು ಕಂಡ ಸಲಹೆಗಾರ ಅದನ್ನು ಸೆವಿಸ್‌ನಲ್ಲಿ ವರದಿ ಮಾಡಲೇಬೇಕು.

ಅದೇ ಹುಡುಗ ವಿಷಯ ಕೈಬಿಡುವ ಮೊದಲು ಸಲಹೆಗಾರನ ಬಾಗಿಲು ತಟ್ಟಿದ್ದರೆ? ಅಮೆರಿಕದ ನಿಯಮ ನಾವೆಣಿಸುವಷ್ಟು ಕಠೋರವಲ್ಲ. ಅನಾರೋಗ್ಯದ ಕಾರಣಕ್ಕೆ ಕಡಿಮೆ ವಿಷಯ ಓದಲು ಒಂದು ಹಂತದ ವ್ಯಾಸಂಗದಲ್ಲಿ ಒಟ್ಟು ಹನ್ನೆರಡು ತಿಂಗಳವರೆಗೆ ಅನುಮತಿ ಕೊಡುವ ಅಧಿಕಾರ ಸಲಹೆಗಾರನಿಗೆ ಇದೆ. ಹೊಸದಾಗಿ ಬಂದವನಿಗೆ ಭಾಷೆಯ ತೊಡಕು, ಬೋಧನಾ ಕ್ರಮದ ಅಪರಿಚಿತತೆ ಇತ್ಯಾದಿ ಕಾರಣಗಳಿಗೂ ಒಂದು ಸಲ ವಿನಾಯಿತಿ ಉಂಟು. ಆದರೆ ಅನುಮತಿ ಮೊದಲು, ಕೈಬಿಡುವುದು ಆಮೇಲೆ. ಸುರಕ್ಷಿತನಾದ ವಿದ್ಯಾರ್ಥಿಗೂ ಸ್ಥಾನಮಾನ ಕಳೆದುಕೊಂಡ ವಿದ್ಯಾರ್ಥಿಗೂ ನಡುವೆ ಇರುವ ವ್ಯತ್ಯಾಸ ಅನೇಕ ಬಾರಿ ಒಂದು ತಾರೀಖು ಮಾತ್ರ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಅನಾರೋಗ್ಯದ ವಿನಾಯಿತಿಗೆ ವೈದ್ಯರ ಪತ್ರ ಬೇಕು. ಮನೋವಿಜ್ಞಾನಿಯ ಪತ್ರವನ್ನೂ ನಿಯಮ ಒಪ್ಪುತ್ತದೆ. ಅಂದರೆ ಖಿನ್ನತೆಗೊಳಗಾದ ವಿದ್ಯಾರ್ಥಿಗೆ ಕ್ಯಾಂಪಸ್ಸಿನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗುವುದು ಆರೋಗ್ಯದ ದೃಷ್ಟಿಯಿಂದ ಮಾತ್ರವಲ್ಲ, ಕಾನೂನಿನ ದೃಷ್ಟಿಯಿಂದಲೂ ರಕ್ಷಣೆ. ‘ಹುಚ್ಚರ ಡಾಕ್ಟರ್’ ಬಳಿ ಹೋದರೆ ನಾಲ್ಕು ಜನ ಏನೆಂದಾರು ಎಂಬ ನಮ್ಮ ಹಳೆಯ ಅಂಜಿಕೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದ ಹುಡುಗ, ತನ್ನ ವೀಸಾವನ್ನು ಉಳಿಸಬಲ್ಲ ಕಾಗದವನ್ನೇ ಬೇಡವೆನ್ನುತ್ತಾನೆ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡುವ ಮನೆಯವರು ಈ ಒಂದು ಮಾತನ್ನು ಕಟ್ಟಿಕೊಡುವುದಿಲ್ಲ.

ಇಷ್ಟರಲ್ಲಿ ಮಗ ಸರಿಯಾಗಿ ಮಾತನಾಡುತ್ತಿಲ್ಲವೆಂದು ಗಾಬರಿಗೊಂಡ ತಂದೆ ಹುಬ್ಬಳ್ಳಿಯಿಂದ ಆ ಕಚೇರಿಗೆ ಫೋನ್ ಮಾಡಿದರೆನ್ನೋಣ. ‘ಕ್ಷಮಿಸಿ, ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ನಾವು ಏನನ್ನೂ ಹೇಳುವಂತಿಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. 1974ರ ಶೈಕ್ಷಣಿಕ ಗೋಪ್ಯತಾ ಕಾಯ್ದೆಯ ಪ್ರಕಾರ ಕಾಲೇಜು ಮೆಟ್ಟಿಲು ಹತ್ತಿದವನ ದಾಖಲೆ ಅವನದು, ಅಪ್ಪ ಅಮ್ಮಂದಿರದಲ್ಲ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಶುಲ್ಕ ಕಟ್ಟಿದ ತಂದೆಗೆ ಇದು ಉದ್ಧಟತನವಾಗಿ ಕೇಳಿಸುತ್ತದೆ. ವಿಪರ್ಯಾಸವೆಂದರೆ, ವಿದೇಶಿ ವಿದ್ಯಾರ್ಥಿಯ ಮಟ್ಟಿಗೆ ಅದೇ ಗೋಪ್ಯತೆಯ ಪರದೆಗೆ ಸರ್ಕಾರದ ಕಡೆ ಒಂದು ಕಿಟಕಿ ಕೊರೆಯಲಾಗಿದೆ. 1996ರ ಕಾಯ್ದೆ ವಿಧಿಸಿದ ಮಾಹಿತಿಗೆ ಗೋಪ್ಯತಾ ಕಾಯ್ದೆ ಅಡ್ಡ ಬರುವುದಿಲ್ಲ. ಹೆತ್ತವರಿಗೆ ಹೇಳಲಾಗದ್ದನ್ನು ಸಲಹೆಗಾರ ಸರ್ಕಾರಕ್ಕೆ ಹೇಳಲೇಬೇಕು, ಅದೂ ಬಹುತೇಕ ವಿಷಯಗಳಲ್ಲಿ 21 ದಿನಗಳೊಳಗೆ.

ಸಲಹೆಗಾರ ವಕೀಲನೂ ಅಲ್ಲ. ಶನಿವಾರ ಭಾನುವಾರ ಪೆಟ್ರೋಲ್ ಬಂಕಿನಲ್ಲಿ ಕದ್ದು ದುಡಿಯುತ್ತಿದ್ದೇನೆ ಎಂದು ಅಳುತ್ತ ಹೇಳಿಕೊಂಡ ವಿದ್ಯಾರ್ಥಿಯ ಮಾತಿಗೆ, ವಕೀಲನ ಮುಂದೆ ಹೇಳಿದ ಮಾತಿಗಿರುವ ರಕ್ಷಣೆ ಈ ಕಚೇರಿಯಲ್ಲಿ ಇಲ್ಲ. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ, ಅಷ್ಟೇ ಸಾಮಾನ್ಯ ಅನುಮತಿ. ಮಾತು ಕಿವಿಗೆ ಬಿದ್ದ ಮೇಲೆ ಕರ್ತವ್ಯ ಬೆನ್ನು ಹತ್ತುತ್ತದೆ. ಸಹೃದಯಿಯಾದ ಸಲಹೆಗಾರ ಅಂಥ ಸಂಭಾಷಣೆಯನ್ನು ಆರಂಭದಲ್ಲೇ ತಡೆದು ‘ಮೊದಲು ವಲಸೆ ವಕೀಲರನ್ನು ನೋಡಿ’ ಎನ್ನಬಲ್ಲ. ಅದು ಕೈತೊಳೆದುಕೊಳ್ಳುವ ಮಾತಲ್ಲ, ಬಹುಶಃ ಅವನು ಮಾಡಬಹುದಾದ ದೊಡ್ಡ ಉಪಕಾರ.

ಹಾಗೆಂದು ಈ ಅಧಿಕಾರಿಗಳು ತಪ್ಪು ಮಾಡುವುದಿಲ್ಲವೆಂದಲ್ಲ. ಕಳೆದುಕೊಂಡ ಸ್ಥಾನಮಾನವನ್ನು ಮರಳಿ ಕೋರುವ ಅರ್ಜಿಗೆ ಒಪ್ಪತಕ್ಕ ಕಾರಣಗಳ ಪಟ್ಟಿಯಲ್ಲಿ ಗಂಭೀರ ಕಾಯಿಲೆ, ಪ್ರಕೃತಿ ವಿಕೋಪಗಳ ಜೊತೆಗೆ ‘ಡಿಎಸ್ಒ ಅವರ ಕಣ್ತಪ್ಪು ಅಥವಾ ನಿರ್ಲಕ್ಷ್ಯ’ ಎಂಬುದನ್ನೂ ನಿಯಮವೇ ಸೇರಿಸಿದೆ. ಈ ಅರ್ಜಿಯನ್ನು ಸಾಮಾನ್ಯವಾಗಿ ಐದು ತಿಂಗಳೊಳಗೆ ಸಲ್ಲಿಸಬೇಕು, ಅದಕ್ಕೆ ಸಲಹೆಗಾರನ ಶಿಫಾರಸೂ ಬೇಕು. ತಪ್ಪು ಮಾಡಿದವನೇ ಶಿಫಾರಸು ಬರೆಯಬೇಕಾದ ಸಂದರ್ಭವೂ ಬರಬಹುದು.

ನಕಲಿ ಕಚೇರಿಗಳ ಪಾಠ

ಸಲಹೆಗಾರನ ಸಹಿಗೆ ಎಷ್ಟು ಬೆಲೆ ಎಂಬುದನ್ನು ತಿಳಿಯಲು ಆ ಸಹಿ ಮಾರಾಟಕ್ಕಿಟ್ಟ ಜಾಗಗಳನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರ ಜನವರಿಯಲ್ಲಿ ದಾಳಿ ನಡೆದಾಗ ಅಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಬಹುಪಾಲು ಭಾರತೀಯರು, ಅದರಲ್ಲೂ ನೆರೆಯ ಆಂಧ್ರಪ್ರದೇಶದವರು. ಅರ್ಧಕ್ಕೂ ಹೆಚ್ಚು ಮಂದಿ ಸನ್ನಿವೇಲ್ ನಗರದ ಒಂದೇ ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದಾರೆಂದು ದಾಖಲೆ ತೋರಿಸುತ್ತಿತ್ತು. ಕೆಲವು ವಿದ್ಯಾರ್ಥಿಗಳ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಲಾಯಿತು. ಆಗ ದೇಶದ ವಿದೇಶಾಂಗ ಸಚಿವರಾಗಿದ್ದವರು ಮಂಡ್ಯ ಜಿಲ್ಲೆಯ ಎಸ್.ಎಂ. ಕೃಷ್ಣ. ಆ ಪಟ್ಟಿಗಳನ್ನು ತೆಗೆಯಬೇಕೆಂದು ಅವರು ಅಮೆರಿಕವನ್ನು ಒತ್ತಾಯಿಸಿದ್ದು ರಾಜ್ಯದ ಪತ್ರಿಕೆಗಳ ಹಳೆಯ ಓದುಗರಿಗೆ ನೆನಪಿರಬಹುದು. ಸಂಸ್ಥೆಯ ಮುಖ್ಯಸ್ಥೆಗೆ 2014ರಲ್ಲಿ 16 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಎಂಟು ವರ್ಷಗಳ ನಂತರ ಬಂದದ್ದು ಇನ್ನೂ ವಿಲಕ್ಷಣ ಪ್ರಕರಣ. ಮಿಷಿಗನ್ ರಾಜ್ಯದ ‘ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ’ದಲ್ಲಿ ಪಾಠವೂ ಇರಲಿಲ್ಲ, ಅಧ್ಯಾಪಕರೂ ಇರಲಿಲ್ಲ. ಅದನ್ನು ತೆರೆದದ್ದು ಐಸ್ ವಿಭಾಗವೇ. ಸಲಹೆಗಾರರ ವೇಷದಲ್ಲಿ ಕುಳಿತಿದ್ದವರು ಗುಪ್ತ ಅಧಿಕಾರಿಗಳು. 2019ರ ಜನವರಿ ಅಂತ್ಯದಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರೆಂದು ವರದಿಯಾಯಿತು. ಪಾಠವಿಲ್ಲದ ವಿಶ್ವವಿದ್ಯಾಲಯಕ್ಕೆ ಸೇರಿದವರು ಪೂರ್ತಿ ಅಮಾಯಕರೆಂದು ವಾದಿಸುವುದು ಕಷ್ಟ. ಆದರೆ ಸರ್ಕಾರದ ಅಧಿಕೃತ ಪಟ್ಟಿಯಲ್ಲಿದ್ದ ಸಂಸ್ಥೆ, ಸೆವಿಸ್‌ನಿಂದಲೇ ಬಂದ ಐ-20 ಪತ್ರ, ಅದರ ಮೇಲೆ ಸಹಿ. ಇವೆಲ್ಲವೂ ಇದ್ದಾಗ ಇಪ್ಪತ್ತೆರಡರ ಹುಡುಗ ಇನ್ನೇನನ್ನು ಪರಿಶೀಲಿಸಬೇಕಿತ್ತು ಎಂಬ ಪ್ರಶ್ನೆಗೂ ಉತ್ತರ ಸುಲಭವಲ್ಲ.

ಏಪ್ರಿಲ್‌ನಲ್ಲಿ ನಡೆದದ್ದೇನು?

ಮತ್ತೆ 2025ಕ್ಕೆ ಬರೋಣ. ಷರಾ ಬಿದ್ದದ್ದು ಹೇಗೆಂಬುದು ನ್ಯಾಯಾಲಯದ ವಿಚಾರಣೆಯಲ್ಲಿ ನಿಧಾನವಾಗಿ ಹೊರಬಂತು. ಸೆವಿಸ್‌ನಲ್ಲಿದ್ದ ಸುಮಾರು 13 ಲಕ್ಷ ಹೆಸರುಗಳನ್ನು ಅಪರಾಧ ದಾಖಲೆಗಳ ರಾಷ್ಟ್ರೀಯ ಸಂಗ್ರಹದೊಡನೆ ಹೋಲಿಸಲಾಗಿತ್ತು. 6,400ರಷ್ಟು ಹೆಸರುಗಳು ತಾಳೆಯಾದವು. ಆ ಸಂಗ್ರಹದಲ್ಲಿ ಹೆಸರಿದ್ದರೆ ಅಪರಾಧಿ ಎಂದರ್ಥವಲ್ಲ. ವೇಗಮಿತಿ ಮೀರಿದ ಪ್ರಕರಣ, ವಜಾಗೊಂಡ ದೂರು ಕೂಡ ಅಲ್ಲಿರುತ್ತದೆ. ಆದರೂ ಸಾವಿರಾರು ದಾಖಲೆಗಳು ಅಂತ್ಯ ಕಂಡವು. ಟೆಕ್ಸಾಸ್‌ನಲ್ಲಿ ಓದುತ್ತಿದ್ದ ಭಾರತೀಯನೊಬ್ಬನ ಪ್ರಕರಣದಲ್ಲಿ ಇದ್ದದ್ದು 2018ರ ಅಜಾಗರೂಕ ಚಾಲನೆಯ ಆರೋಪ, ಅದನ್ನೂ ಕೈಬಿಡಲಾಗಿತ್ತು. ಅವನೂ ಸೇರಿದಂತೆ 734 ಹೆಸರುಗಳಿದ್ದ ಪಟ್ಟಿಯೊಂದಕ್ಕೆ ‘ಎಲ್ಲವನ್ನೂ ಅಂತ್ಯಗೊಳಿಸಿ’ ಎಂಬರ್ಥದ ಉತ್ತರ 24 ಗಂಟೆಯೊಳಗೆ ಹೋಗಿತ್ತು ಎಂಬುದು ವಾಷಿಂಗ್ಟನ್‌ನ ನ್ಯಾಯಾಧೀಶೆ ಅನಾ ರೇಯೆಸ್ ಅವರ ಮುಂದೆ ಬಯಲಾಯಿತು. ಅಮೆರಿಕದ ವಲಸೆ ವಕೀಲರ ಸಂಘ ಆ ದಿನಗಳಲ್ಲಿ ಸಂಗ್ರಹಿಸಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತೀಯರವು.

ಇಲ್ಲಿ ಸಾಮಾನ್ಯವಾಗಿ ಗೊಂದಲವಾಗುವ ವಿಷಯವೊಂದಿದೆ. ವೀಸಾ ಎಂಬುದು ಬಾಗಿಲು ದಾಟಲು ಕೊಡುವ ಚೀಟಿ. ಒಳಗೆ ಹೋದ ಮೇಲೆ ಅಲ್ಲಿರುವ ಹಕ್ಕನ್ನು ಕಾಯುವುದು ‘ಸ್ಥಾನಮಾನ’. ವೀಸಾ ರದ್ದಾದರೂ ಸ್ಥಾನಮಾನ ಉಳಿದವನು ಓದು ಮುಂದುವರಿಸಬಹುದು, ದೇಶ ಬಿಟ್ಟು ಹೊರಗೆ ಹೋದರೆ ಮಾತ್ರ ಹೊಸ ವೀಸಾ ಬೇಕು ಎಂಬುದು ದಶಕಗಳಿಂದ ನಡೆದುಬಂದ ತಿಳಿವಳಿಕೆ. ಸಲಹೆಗಾರರು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದುದೂ ಇದನ್ನೇ. ಏಪ್ರಿಲ್‌ನಲ್ಲಿ ಆ ಪಾಠ ಕೈಕೊಟ್ಟಿತು. ಸೆವಿಸ್ ದಾಖಲೆ ಕೊನೆಗೊಂಡರೆ ಸ್ಥಾನಮಾನವೂ ಕೊನೆಗೊಂಡಂತೆಯೇ? ತರಗತಿಗೆ ಹೋಗಬಹುದೇ? ಪ್ರಯೋಗಾಲಯದ ಸಂಬಳ ಪಡೆಯಬಹುದೇ? ಇಂದೇ ವಿಮಾನ ಹತ್ತಬೇಕೇ? ಈ ಪ್ರಶ್ನೆಗಳಿಗೆ ಸರ್ಕಾರ ಆಗ ಕೊಟ್ಟ ಉತ್ತರಗಳು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಬದಲಾದವು. ಸಲಹೆಗಾರ ‘ಇರು’ ಎಂದು ಹೇಳಿ ಅದು ತಪ್ಪಾದರೆ ವಿದ್ಯಾರ್ಥಿ ಬಂಧನಕ್ಕೊಳಗಾಗಬಹುದು, ‘ಹೋಗು’ ಎಂದು ಹೇಳಿ ಅದು ತಪ್ಪಾದರೆ ಮೂರು ವರ್ಷದ ಸಂಶೋಧನೆ ಮಣ್ಣುಪಾಲಾಗಬಹುದು. ಕೆಲವರು ಭಯದಿಂದ ಹೊರಟೇಹೋದರು.

ಉಳಿದವರಲ್ಲಿ ಅನೇಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಟ್ಲಾಂಟಾದ ನ್ಯಾಯಾಧೀಶೆ ವಿಕ್ಟೋರಿಯಾ ಕ್ಯಾಲ್ವರ್ಟ್ ಒಂದೇ ಆದೇಶದಲ್ಲಿ 133 ಮಂದಿಯ ದಾಖಲೆ ಮರಳಿಸಲು ಸೂಚಿಸಿದರು. ದೇಶದಾದ್ಯಂತ ಇಂಥ ಆದೇಶಗಳು ಸಾಲುಗಟ್ಟಿದ ಮೇಲೆ ಏಪ್ರಿಲ್ 25ರಂದು ಸರ್ಕಾರ ಹಿಂದೆ ಸರಿದು ದಾಖಲೆಗಳನ್ನು ಪುನಃಸ್ಥಾಪಿಸುವುದಾಗಿ ತಿಳಿಸಿತು. ಮೇ 22ರಂದು ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ಜೆಫ್ರಿ ವೈಟ್ ದೇಶವ್ಯಾಪಿ ತಡೆಯಾಜ್ಞೆ ನೀಡಿದರು. ಆದರೆ ನಿರಾಳವಾಗಲು ಕಾರಣವಿರಲಿಲ್ಲ. ಏಪ್ರಿಲ್ 26ರ ತಾರೀಖಿನ ಇಲಾಖೆಯ ಆಂತರಿಕ ಟಿಪ್ಪಣಿಯೊಂದು, ವೀಸಾ ರದ್ದಾಗಿರುವುದನ್ನೇ ದಾಖಲೆ ಅಂತ್ಯಗೊಳಿಸಲು ಕಾರಣವಾಗಿ ಸೇರಿಸಿತ್ತು. ಹಳೆಯ ತಿಳಿವಳಿಕೆಯನ್ನು ಸದ್ದಿಲ್ಲದೆ ಬರಹದಲ್ಲಿ ತಿದ್ದುವ ಯತ್ನವಿದು.

ಮೇ 27ರಂದು ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿಗೆ ತಡೆ ಬಿತ್ತು. ಜೂನ್‌ನಲ್ಲಿ ಮತ್ತೆ ಆರಂಭವಾದಾಗ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಖಾತೆ ಎಲ್ಲರಿಗೂ ಕಾಣುವಂತಿರಬೇಕು ಎಂಬ ಷರತ್ತು ಸೇರಿತ್ತು. ಆಗಸ್ಟ್‌ನಲ್ಲಿ, ಓದು ಮುಗಿಯುವವರೆಗೂ ಇರಲು ಅವಕಾಶ ಕೊಡುವ ಹಳೆಯ ಪದ್ಧತಿ ಬಿಟ್ಟು ಗರಿಷ್ಠ ನಾಲ್ಕು ವರ್ಷದ ಅವಧಿ ನಿಗದಿಪಡಿಸುವ ಕರಡು ನಿಯಮ ಪ್ರಕಟವಾಯಿತು. ಪಿಎಚ್.ಡಿ. ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುತ್ತದೆ ಎಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಇದುವರೆಗೆ ಅವಧಿ ವಿಸ್ತರಿಸುವ ಅಧಿಕಾರ ಸಲಹೆಗಾರನ ಕೈಯಲ್ಲಿತ್ತು. ಕರಡು ಅದನ್ನು ವಲಸೆ ಇಲಾಖೆಗೆ ಒಯ್ಯಲು ಹೊರಟಿತ್ತು.

ವಿದ್ವಾಂಸರ ಪಾಡು ಬೇರೆ

ವಿದ್ಯಾರ್ಥಿಗಳ ಗದ್ದಲದಲ್ಲಿ ಮರೆಯಾಗುವವರು ಸಂಶೋಧಕರು ಹಾಗೂ ಅತಿಥಿ ವಿದ್ವಾಂಸರು. ಭಾರತೀಯ ವಿಜ್ಞಾನ ಸಂಸ್ಥೆಯಿಂದಲೋ ಮೈಸೂರಿನಿಂದಲೋ ಪಿಎಚ್.ಡಿ. ನಂತರದ ಸಂಶೋಧನೆಗೆ ಹೋಗುವವರಲ್ಲಿ ಬಹಳ ಮಂದಿ ಹಿಡಿಯುವುದು ಜೆ-1 ವೀಸಾ. ಇದು ವಿದೇಶಾಂಗ ಇಲಾಖೆಯ ವ್ಯಾಪ್ತಿಗೆ ಬರುತ್ತದೆ, ನಿಯಮಗಳೂ ಬೇರೆ. ಕೆಲವು ವಿಷಯಗಳಲ್ಲಿ ದುಡಿದವರು ಎರಡು ವರ್ಷ ತಾಯ್ನಾಡಿನಲ್ಲಿದ್ದು ಬಂದ ಮೇಲಷ್ಟೇ ಎಚ್-1ಬಿ ವೀಸಾ ಅಥವಾ ಕಾಯಂ ನಿವಾಸಕ್ಕೆ ಅರ್ಹರಾಗುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಆ ‘ಕೌಶಲ ಪಟ್ಟಿ’ಯಿಂದ ಭಾರತವನ್ನು ಕೈಬಿಡಲಾಯಿತು. ಅಷ್ಟೇನೂ ಸುದ್ದಿಯಾಗದ ಈ ಕ್ರಮ ನೂರಾರು ಸಂಸಾರಗಳ ಲೆಕ್ಕಾಚಾರವನ್ನು ಬದಲಿಸಬಲ್ಲದಾಗಿತ್ತು. ಆದರೆ ಅಮೆರಿಕ ಸರ್ಕಾರದ ಹಣದಿಂದ ಹೋದವರಿಗೆ, ಉದಾಹರಣೆಗೆ ಫುಲ್‌ಬ್ರೈಟ್ ವಿದ್ವಾಂಸರಿಗೆ, ಎರಡು ವರ್ಷದ ಷರತ್ತು ಹಾಗೆಯೇ ಉಳಿದಿತ್ತು. ಒಂದೇ ಪ್ರಯೋಗಾಲಯದ ಇಬ್ಬರು ಕನ್ನಡಿಗರಲ್ಲಿ ಒಬ್ಬನಿಗೆ ಷರತ್ತು ಇರಬಹುದು, ಮತ್ತೊಬ್ಬನಿಗೆ ಇಲ್ಲದಿರಬಹುದು. ಗೆಳೆಯನ ಅನುಭವವನ್ನೇ ನಿಯಮವೆಂದು ನಂಬುವವರು ಎಡವುವುದು ಇಲ್ಲಿ. 2025ರ ಸೆಪ್ಟೆಂಬರ್ 19ರ ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದಾಗ ವಿಶ್ವವಿದ್ಯಾಲಯಗಳಿಗೂ ಸಾರಾಸಗಟು ವಿನಾಯಿತಿ ಸಿಗಲಿಲ್ಲ.

ಏಜೆಂಟರ ಹೊಣೆ ಎಲ್ಲಿಯವರೆಗೆ?

ಬೆಂಗಳೂರಿನ ಜಯನಗರ, ಮಲ್ಲೇಶ್ವರಗಳ ಬೀದಿಗಳಲ್ಲಿ ವಿದೇಶ ವ್ಯಾಸಂಗ ಸಲಹಾ ಕೇಂದ್ರಗಳ ಫಲಕಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಅನೇಕವು ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುತ್ತವೆ. ಅದರಲ್ಲಿ ತಪ್ಪೇನೂ ಇಲ್ಲವೆನ್ನಬಹುದು; ಆದರೆ ಕಮಿಷನ್ ಸಿಗುವುದು ವಿದ್ಯಾರ್ಥಿ ಸೇರಿದ್ದಕ್ಕೆ, ಉಳಿದದ್ದಕ್ಕಲ್ಲ. ವೀಸಾ ಮುದ್ರೆ ಬಿದ್ದ ದಿನ ಏಜೆಂಟನ ಕೆಲಸ ಮುಗಿಯುತ್ತದೆ, ಡಿಎಸ್ಒ ಕೆಲಸ ಆರಂಭವಾಗುತ್ತದೆ. ವಿದ್ಯಾರ್ಥಿಯಾದರೋ ಎರಡನೇ ಸೆಮಿಸ್ಟರಿನಲ್ಲೂ ತೊಂದರೆ ಬಂದಾಗ ಬೆಂಗಳೂರಿನ ಏಜೆಂಟನಿಗೋ, ತನಗಿಂತ ಒಂದು ವರ್ಷ ಮೊದಲು ಬಂದ ‘ಸೀನಿಯರ್’ಗೋ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುತ್ತಾನೆ. ಪದವಿಯ ನಂತರದ ಒಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿರುವಂತಿಲ್ಲ ಎಂಬ ನಿಯಮವನ್ನು ತಿಳಿಯದೆ, ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂಬ ಮಾತನ್ನು ನಂಬಿ ಕಾಗದದ ಮೇಲಷ್ಟೇ ಇರುವ ಕಂಪನಿಗೆ ಸೇರಿದವರ ತೊಂದರೆಗಳು ಶುರುವಾಗುವುದು ಹೀಗೆ. 2024-25ರಲ್ಲಿ ಒಪಿಟಿಯಲ್ಲಿದ್ದ ಭಾರತೀಯರು 1,43,740.

ಸಲಹೆಗಾರನನ್ನು ನಂಬಿ ಎಂದು ಹೇಳುವಾಗಲೇ, ಅವನಿಗೆ ಸಮಯವಿದೆಯೇ ಎಂದೂ ಕೇಳಬೇಕಾಗುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಬ್ಬ ಸಲಹೆಗಾರನ ಪಾಲಿಗೆ ನೂರಾರು ವಿದ್ಯಾರ್ಥಿಗಳ ಕಡತ. ವಿದೇಶಿ ವಿದ್ಯಾರ್ಥಿಗಳ ಶುಲ್ಕದಿಂದ ಬೊಕ್ಕಸ ತುಂಬಿಸಿಕೊಳ್ಳುವ ಸಂಸ್ಥೆಗಳು ಈ ಕಚೇರಿಗೆ ಹಣ ಕೊಡುವಾಗ ಕೈ ಬಿಗಿಹಿಡಿಯುತ್ತವೆ. 2025ರ ಶರತ್ಕಾಲದಲ್ಲಿ ಹೊಸ ವಿದೇಶಿ ವಿದ್ಯಾರ್ಥಿಗಳ ಪ್ರವೇಶ ಶೇ. 17ರಷ್ಟು ಕುಸಿಯಿತೆಂದು ಸಮೀಕ್ಷೆ ತಿಳಿಸಿತು. ಆದಾಯ ಕುಸಿದಾಗ ಕತ್ತರಿ ಮೊದಲು ಬೀಳುವುದು ಪ್ರಚಾರ ವಿಭಾಗಕ್ಕಲ್ಲ.

ಅಮೆರಿಕವನ್ನು ದೂರುವ ಮುನ್ನ ಇತ್ತ ಕಡೆಗೂ ಒಮ್ಮೆ ನೋಡಬಹುದು. ಮೈಸೂರು, ಬೆಂಗಳೂರುಗಳಿಗೆ ಆಫ್ರಿಕ, ಪಶ್ಚಿಮ ಏಷ್ಯ, ನೇಪಾಳಗಳಿಂದ ಓದಲು ಬರುವವರ ಪರಂಪರೆ ಹಳೆಯದು. ದೀರ್ಘಾವಧಿ ವೀಸಾದ ಮೇಲೆ ಬಂದವರು 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಇಲ್ಲಿಯೂ ಉಂಟು. 2016ರ ಆರಂಭದಲ್ಲಿ ಹೆಸರಘಟ್ಟ ಪರಿಸರದಲ್ಲಿ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆದಾಗ, ಇಂಥ ವಿದ್ಯಾರ್ಥಿಗಳು ಕಷ್ಟಕಾಲದಲ್ಲಿ ಮೊದಲು ಹೋಗಬೇಕಾದ ಬಾಗಿಲು ಯಾವುದು ಎಂಬ ಪ್ರಶ್ನೆ ಎದ್ದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅವರಿಗಾಗಿ ಕಚೇರಿ ಇರಬೇಕೆಂದು ಹೇಳಿತು. ಅಮೆರಿಕದ ಕಚೇರಿಯಲ್ಲಿ ದಾಖಲೆ ಮಾನವೀಯತೆಯನ್ನು ಹಿಂದಕ್ಕೆ ತಳ್ಳಿದೆ ಎನ್ನುವುದಾದರೆ, ನಮ್ಮಲ್ಲಿ ಅನೇಕ ಕಡೆ ಎರಡನ್ನೂ ನೋಡಿಕೊಳ್ಳುವ ಪೂರ್ಣಾವಧಿ ವ್ಯಕ್ತಿಯೇ ಸಿಗುವುದು ಅಪರೂಪ.

ಪ್ರತಿ ವರ್ಷ ಬೇಸಿಗೆಯಲ್ಲಿ ವೀಸಾ ಸಂದರ್ಶನಕ್ಕೆಂದು ಚೆನ್ನೈ, ಹೈದರಾಬಾದ್‌ಗಳತ್ತ ಹೊರಡುವ ಕನ್ನಡದ ಹುಡುಗ ಹುಡುಗಿಯರ ಕಡತದಲ್ಲಿ ಐ-20 ಎಂಬ ಪತ್ರ ಎಲ್ಲಕ್ಕಿಂತ ಮೇಲಿರುತ್ತದೆ. ಶುಲ್ಕದ ಅಂಕಿ, ಬ್ಯಾಂಕ್ ಸಾಲದ ಅಂಕಿಗಳನ್ನು ಮನೆಮಂದಿಯೆಲ್ಲ ಹತ್ತು ಸಲ ನೋಡಿರುತ್ತಾರೆ. ಅದೇ ಪುಟದ ಕೆಳಭಾಗದಲ್ಲಿ ವಿಶ್ವವಿದ್ಯಾಲಯದ ಪರವಾಗಿ ಸಹಿ ಮಾಡಿದ ಒಬ್ಬ ಅಧಿಕಾರಿಯ ಹೆಸರೂ ಹುದ್ದೆಯೂ ಇರುತ್ತದೆ. ಅದರ ಕೆಳಗೆ ವಿದ್ಯಾರ್ಥಿಯದೂ ಒಂದು ಸಹಿ: ನಿಯಮಗಳನ್ನು ಓದಿದ್ದೇನೆ, ಪಾಲಿಸಲು ಒಪ್ಪಿದ್ದೇನೆ ಎಂದು.